ಅಯೋನಾ: ದುಡಿಯುವ ಕೈಗಳು ಎತ್ತಿ ನಿಲ್ಲಿಸಿದ ಮಠ

ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿರುವ ಅಯೋನಾ ಸುಮಾರು 5 ಕಿ.ಮೀ. ಉದ್ದದ ಪುಟ್ಟ ದ್ವೀಪ. ಕ್ರಿ.ಶ. 563ರಲ್ಲಿ ಐರ್ಲೆಂಡಿನ ಸನ್ಯಾಸಿ ಕೊಲಂಬಾ ಸಂಗಡಿಗರೊಡನೆ ಕಡಲು ದಾಟಿ ಬಂದು ಇಲ್ಲಿ ಮಠ ಸ್ಥಾಪಿಸಿದರು. ಸನ್ಯಾಸಿಗಳು ಹೊಲ ಉತ್ತರು, ಗ್ರಂಥಗಳನ್ನು ಪ್ರತಿ ಮಾಡಿದರು. ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠವನ್ನು 635ರಲ್ಲಿ ಕಟ್ಟಿದ ಏಡನ್ ಹೊರಟದ್ದೂ ಇಲ್ಲಿಂದಲೇ. ಚಿತ್ರಾಲಂಕಾರಕ್ಕೆ ಹೆಸರಾದ ‘ಬುಕ್ ಆಫ್ ಕೆಲ್ಸ್’ ಹಸ್ತಪ್ರತಿಯ ಬರವಣಿಗೆ ಇಲ್ಲಿಯೇ ಶುರುವಾಗಿರಬೇಕು ಎನ್ನುವುದು ಹಲವು ವಿದ್ವಾಂಸರ ಅಭಿಪ್ರಾಯ.

ಕಡಲ ದಾರಿಯಲ್ಲೇ ವಿಪತ್ತೂ ಬಂತು. 795ರಿಂದ ವೈಕಿಂಗರು ಮತ್ತೆ ಮತ್ತೆ ದಾಳಿಯಿಟ್ಟರು. 806ರ ದಾಳಿಯೊಂದರಲ್ಲೇ 68 ಮಂದಿ ಹತರಾದರು. ಹಲವರು ಐರ್ಲೆಂಡಿನ ಕೆಲ್ಸ್‌ಗೆ ವಲಸೆ ಹೋದರೂ ಮಠ ಪೂರ್ತಿ ಬರಿದಾಗಲಿಲ್ಲ. 1200ರ ಸುಮಾರಿಗೆ ಬೆನೆಡಿಕ್ಟೀನ್ ಸನ್ಯಾಸಿಗಳ ಕಲ್ಲಿನ ಮಠ ಮೇಲೆದ್ದಿತು. 1560ರ ಧರ್ಮಸುಧಾರಣೆ ಮಠಜೀವನಕ್ಕೆ ತೆರೆ ಎಳೆಯಿತು. ಮುಂದೆ ಚಾವಣಿ ಕುಸಿದು ಗೋಡೆಗಳಷ್ಟೇ ಉಳಿದವು.

1899ರಲ್ಲಿ ಆರ್ಗೈಲ್‌ನ ಎಂಟನೆಯ ಡ್ಯೂಕ್ ಈ ಅವಶೇಷಗಳನ್ನು ಒಂದು ಟ್ರಸ್ಟಿಗೆ ಒಪ್ಪಿಸಿದರು. ಎಲ್ಲ ಪಂಗಡದ ಕ್ರೈಸ್ತರಿಗೂ ಇಲ್ಲಿ ಪ್ರಾರ್ಥನೆಗೆ ಅವಕಾಶವಿರಬೇಕು ಎಂಬುದು ಅವರ ಆಶಯ. 1910ರ ಹೊತ್ತಿಗೆ ಚರ್ಚಿನ ಜೀರ್ಣೋದ್ಧಾರ ಮುಗಿಯಿತು. ಆದರೆ ಸನ್ಯಾಸಿಗಳು ಉಂಡು, ಮಲಗಿ, ದುಡಿದು ಬಾಳಿದ ಕಟ್ಟಡಗಳು ಹಾಳುಬಿದ್ದೇ ಇದ್ದವು.

ಅವುಗಳಿಗೆ ಜೀವ ಬಂದದ್ದು ಗ್ಲಾಸ್ಗೋದ ಗೋವನ್‌ನಲ್ಲಿ ಪಾದ್ರಿಯಾಗಿದ್ದ ಜಾರ್ಜ್ ಮ್ಯಾಕ್ಲಿಯಡ್ ಅವರಿಂದ. ಹಡಗು ಕಟ್ಟುವುದನ್ನೇ ನಂಬಿದ್ದ ಗೋವನ್‌ನಲ್ಲಿ 1930ರ ದಶಕದ ಆರ್ಥಿಕ ಕುಸಿತ ಮನೆಮನೆಯ ಅನ್ನ ಕಸಿದಿತ್ತು. ಬಡವರ ಬದುಕಿಗೂ ಚರ್ಚಿಗೂ ನಡುವಿನ ಅಂತರ ಮ್ಯಾಕ್ಲಿಯಡ್ ಅವರನ್ನು ಕಾಡಿತು. 1938ರಲ್ಲಿ ಅಯೋನಾ ಸಮುದಾಯ ಕಟ್ಟಿ, ಕೆಲಸವಿಲ್ಲದ ಕುಶಲಕರ್ಮಿಗಳನ್ನೂ ಎಳೆಯ ಪಾದ್ರಿಗಳನ್ನೂ ದ್ವೀಪಕ್ಕೆ ಕರೆತಂದರು. ಇಲ್ಲಿ ಗುರು ಕುಶಲಕರ್ಮಿ, ಕೂಲಿಯಾಳು ಪಾದ್ರಿ. ಒಟ್ಟಿಗೆ ದುಡಿದು, ಒಟ್ಟಿಗೆ ಉಂಡು, ಒಟ್ಟಿಗೆ ಪ್ರಾರ್ಥಿಸಿದರು. 1965ರಲ್ಲಿ ಕೆಲಸ ಮುಗಿಯಿತು.

ಇಂದು ಸಮುದಾಯದ ಸದಸ್ಯರು ಸನ್ಯಾಸಿಗಳಲ್ಲ. ಸಂಸಾರಸ್ಥರೂ ಮಹಿಳೆಯರೂ ಇದ್ದಾರೆ. ಶಾಂತಿ ಮತ್ತು ಸಾಮಾಜಿಕ ನ್ಯಾಯಕ್ಕಾಗಿ ದುಡಿಯುವುದು ಅವರ ವ್ರತದ ಭಾಗ. ಮಠದಲ್ಲಿ ತಂಗುವ ಅತಿಥಿಗಳೂ ದಿನದ ಮನೆಗೆಲಸಕ್ಕೆ ಕೈಜೋಡಿಸುತ್ತಾರೆ.

ಓಬನ್ ಬಂದರಿನಿಂದ ಹಡಗಿನಲ್ಲಿ ಮಲ್ ದ್ವೀಪಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಫಿಯೊನ್‌ಫೋರ್ಟಿಗೆ ಹೋಗಿ ಮತ್ತೊಂದು ಹಡಗು ಹತ್ತಿದರೆ ಹತ್ತು ನಿಮಿಷದಲ್ಲಿ ಅಯೋನಾ. ಚರ್ಚಿನ ಮುಂದೆ ನಿಂತಿರುವ ಎಂಟನೆಯ ಶತಮಾನದ ಸಂತ ಮಾರ್ಟಿನ್ ಶಿಲುಬೆಯನ್ನು ಎಲ್ಲರೂ ನೋಡುತ್ತಾರೆ. ಪಕ್ಕದ ಊಟದ ಮನೆಯನ್ನೂ ಅಷ್ಟೇ ಗೌರವದಿಂದ ನೋಡಬೇಕು. ಕಲ್ಲು ಜೋಡಿಸಿದರೆ ಕಟ್ಟಡ ಉಳಿಯುತ್ತದೆ, ಜನ ಕೂಡಿ ಬಾಳಿದರೆ ಮಾತ್ರ ಮಠ ಉಳಿಯುತ್ತದೆ.