ಕೃತವನ್ನರಿತವನೇ ಕೃತಜ್ಞನು

ಕಳೆದ ಮಾಘಮಾಸದಲ್ಲಿ ನಾವೊಬ್ಬರೇ ಮಂಗಳೂರಿಗೆ ಹೋಗುತ್ತಿರಲು, ಶಿರಾಡಿ ಘಾಟಿಯ ತಿರುವೊಂದರಲ್ಲಿ, ಅಡ್ಡಬಂದ ದನವನ್ನು ತಪ್ಪಿಸಹೋಗಿ ನಮ್ಮ ಕಾರು ಚರಂಡಿಗೆ ಮಗುಚಿಕೊಂಡಿತು. ಸೀಟಿನ ಪಟ್ಟಿಯನ್ನು ಬಿಗಿದುಕೊಂಡಿದ್ದುದರಿಂದ ಪ್ರಾಣವುಳಿಯಿತು. ತೋಳು ಮಾತ್ರ ಮುರಿಯಿತು. ಹಿಂದೆ ಬರುತ್ತಿದ್ದ ಲಾರಿಯ ಚಾಲಕನು ಓಡಿಬಂದು ನಮ್ಮನ್ನು ಹೊರತಂದು, ತನ್ನ ಹೆಗಲವಸ್ತ್ರವನ್ನೇ ತೋಳಿಗೆ ಜೋಲಿಯಾಗಿ ಕಟ್ಟಿ, ೧೦೮ಕ್ಕೆ ಕರೆಮಾಡಿದನು.

“ನಿನ್ನ ಹೆಸರೇನಪ್ಪಾ?” ಎಂದೆವು.

“ಹೆಸರಿರಲಿ ಸ್ವಾಮಿ, ಮೊದಲು ನೀರು ಕುಡಿಯಿರಿ” ಎಂದನು. ಆಂಬುಲೆನ್ಸು ಬಂದೊಡನೆ ಹೊರಟುಹೋದನು.

ಕೃತವನ್ನು, ಎಂದರೆ ಮಾಡಿದ ಉಪಕಾರವನ್ನು, ಅರಿತವನೇ ಕೃತಜ್ಞನೆಂದು ಮೂವತ್ತು ವರ್ಷ ಮಕ್ಕಳಿಗೆ ವಿಗ್ರಹವಾಕ್ಯವನ್ನು ಹೇಳಿಕೊಟ್ಟೆವು. ಅದರ ಅರ್ಥವು ನಮಗೆ ತಿಳಿದುದು ಆ ಚರಂಡಿಯ ಬದಿಯಲ್ಲಿ. ಹೆಸರನ್ನೇ ಅರಿಯದವನ ಋಣವನ್ನು ತೀರಿಸುವುದೆಂತು? ಮುಂದೆ ದಾರಿಯಲ್ಲಿ ಬಿದ್ದವರಿಗೆ ಕೈನೀಡುವುದೊಂದೇ ಉಪಾಯವು.

ಪೋಲೀಸು, ಕೋರ್ಟುಗಳಿಗೆ ಅಂಜಿ ಅನೇಕರು ಹಿಂಜರಿಯುವುದುಂಟು. ವಾಚಕರು ಅಂಜಬೇಕಾದುದಿಲ್ಲ. ೨೦೧೯ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ ೧೩೪ಎ ಪ್ರಕರಣವು, ಸದ್ಭಾವದಿಂದ ನೆರವಾದವನನ್ನು ಮೊಕದ್ದಮೆಯಿಂದ ಕಾಪಾಡುತ್ತದೆ. ಹೆಸರು ಹೇಳೆಂದು ಪೋಲೀಸರೂ ಅವನನ್ನು ನಿರ್ಬಂಧಿಸುವಂತಿಲ್ಲ. ಗಾಯವಾದ ಮೊದಲ ಗಂಟೆಯೊಳಗೆ ಚಿಕಿತ್ಸೆ ದೊರೆತರೆ ಬದುಕುವ ಸಂಭವವು ಹೆಚ್ಚು.

ಆ ಹೆಗಲವಸ್ತ್ರವನ್ನು ಒಗೆದು ಮಡಿಸಿ ಕಾರಿನಲ್ಲಿಯೇ ಇರಿಸಿಕೊಂಡಿದ್ದೇವೆ. ಯಾರಿಗೆ ಎಲ್ಲಿ ಬೇಕಾದೀತೋ!