ಬಿಚ್ಚಿ ಕಟ್ಟುವ ವಿದ್ಯೆ

ಟೂ-ಸ್ಟ್ರೋಕ್ ಗಾಡಿ ರಿಪೇರಿಗೆ ಬಂದರೆ ಪಳಗಿದ ಮಿಸ್ತ್ರಿ ಮೊದಲಿಗೇ ಪಾನಾ ಹಿಡಿಯುವುದಿಲ್ಲ. ಕಿಕ್ ಹೊಡೆಸಿ ಸೈಲೆನ್ಸರ್ ಹಿಂದೆ ನಿಲ್ಲುತ್ತಾರೆ. ಗಾಡಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದು, ಗೇರ್ ಆಯಿಲ್ ತಾನಾಗಿ ಇಳಿಯುತ್ತಿದ್ದರೆ ಕ್ಲಚ್ ಕಡೆಯ ಆಯಿಲ್ ಸೀಲ್ ಹೋಗಿದೆ ಎಂದು ಅರ್ಥ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯದೆ ಕೂಗುತ್ತಲೇ ಇದ್ದರೆ ಮ್ಯಾಗ್ನೆಟ್ ಕಡೆಯ ಸೀಲ್ ಗಾಳಿ ಎಳೆಯುತ್ತಿದೆ. “ಆಯಿಲ್ ಎಷ್ಟು ಹಾಕ್ತೀರ್ರಿ? ಯಾವ್ದು ಹಾಕ್ತೀರ್ರಿ?” ಎಂಬ ಎರಡು ಪ್ರಶ್ನೆ ಆಮೇಲೆ ಬರುತ್ತವೆ. ಪ್ಲಗ್ ಬಿಚ್ಚುವುದು ಅದರ ನಂತರ.

ಈ ವಿದ್ಯೆಗೆ ನಿಪ್ಪಾಣಿ ಸೀಮೆ ಒಳ್ಳೆಯ ನೆಲ. ತಂಬಾಕು, ಕಬ್ಬಿನಿಂದ ಹೆಸರಾದ ಈ ಊರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಒಂದು ದಿಕ್ಕಿಗೆ ಸುಮಾರು 40 ಕಿ.ಮೀ. ಹೋದರೆ ಕೊಲ್ಹಾಪುರದ ಉದ್ಯಮನಗರ, ಇನ್ನೊಂದು ದಿಕ್ಕಿಗೆ ಸುಮಾರು 75 ಕಿ.ಮೀ. ಹೋದರೆ ಬೆಳಗಾವಿಯ ಉದ್ಯಮಬಾಗ. ಎರಡೂ ಎರಕ, ಲೇತು, ಬೋರಿಂಗ್‌ಗೆ ಹೆಸರಾದವು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟುವವರೆಗೆ ಬೆಳೆದದ್ದು ಇದೇ ಪಟ್ಟಿಯಲ್ಲಿ. ಯಂತ್ರ ಕೆಟ್ಟರೆ ಬಿಸಾಡದೆ ಬಿಚ್ಚಿ ನೋಡುವ ಗುಣ ಇಲ್ಲಿನ ಗ್ಯಾರೇಜುಗಳಲ್ಲಿ ಈಗಲೂ ಇದೆ. ಕನ್ನಡ, ಮರಾಠಿ ಎರಡೂ ಬೆರೆತ ಮಾತಿನಲ್ಲಿ ಅದು ಹಿರಿಯರಿಂದ ಹುಡುಗರಿಗೆ ದಾಟುತ್ತದೆ.

ಕೈಗೆ ಹೆಚ್ಚಾಗಿ ಸಿಗುವುದು ಯಮಾಹಾ ಆರ್‌ಎಕ್ಸ್ 100 ಮತ್ತು ಯೆಜ್ಡಿ. ಆರ್‌ಎಕ್ಸ್ 1985ರಿಂದ 1996ರವರೆಗೆ ಬಂದ ಗಾಡಿ. ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., 98 ಸಿ.ಸಿ., 11 ಅಶ್ವಶಕ್ತಿ. ಯೆಜ್ಡಿ ನಮ್ಮದೇ ಮೈಸೂರಿನದು. ಅದನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅದರ ಮೂಲ ಚೆಕೊಸ್ಲೊವಾಕಿಯಾದ ಜಾವಾ. ಆ ದೇಶದ್ದೇ ಆದ ಸೀಝಡ್ ಎಂಬ ಟೂ-ಸ್ಟ್ರೋಕ್ ಗಾಡಿಯಲ್ಲಿ ಬೆಲ್ಜಿಯಂನ ಜೋಯೆಲ್ ರೋಬರ್ 1964, 1968, 1969ರಲ್ಲಿ 250 ಸಿ.ಸಿ. ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದರು. ಮಣ್ಣಿನ ಓಟಕ್ಕೂ ಮೈಸೂರಿನ ಗಾಡಿಗೂ ಹೀಗೊಂದು ನಂಟು.

ಮೋಟೋಕ್ರಾಸ್ ಎಂದರೆ ಉಬ್ಬು, ತಿರುವು, ಜಿಗಿತಗಳಿರುವ ಮಣ್ಣಿನ ಟ್ರ್ಯಾಕ್ ಮೇಲಿನ ಓಟ. ಆ ಗಾಡಿಗೆ ಲೈಟ್ ಇಲ್ಲ, ಹಾರ್ನ್ ಇಲ್ಲ, ರಸ್ತೆಗೆ ಇಳಿಸುವಂತಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್, ಉಡುಪಿಯ ಕೆ.ಪಿ. ಅರವಿಂದ್ ಇಂಥ ಮಣ್ಣಿನ ಓಟದಲ್ಲಿ ಪಳಗಿಯೇ ಡಕಾರ್‌ ರ‍್ಯಾಲಿಯವರೆಗೆ ಹೋದವರು. ಸಂತೋಷ್ 2015ರಲ್ಲಿ ಆ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಮೋಟೋಕ್ರಾಸಿನಲ್ಲಿ ಸರ್ವಿಸಿನ ಲೆಕ್ಕ ಕಿಲೋಮೀಟರಿನಲ್ಲಿಲ್ಲ, ಗಂಟೆಯಲ್ಲಿದೆ. ರೇಸಿಗೆ ಓಡಿಸುವ 125 ಸಿ.ಸಿ. ಗಾಡಿಯ ಪಿಸ್ಟನ್ ಹತ್ತಾರು ಗಂಟೆಗಳ ಓಟಕ್ಕೇ ಬದಲಾಗುತ್ತದೆ.

ಇಷ್ಟು ಬೇಗ ಸವೆಯಲು ಕಾರಣ ಟೂ-ಸ್ಟ್ರೋಕ್ ಇಂಜಿನ್ನಿನ ರಚನೆಯಲ್ಲೇ ಇದೆ. 1890ರ ಆಸುಪಾಸು ಇಂಗ್ಲೆಂಡಿನ ಜೋಸೆಫ್ ಡೇ ರೂಪಿಸಿದ ವಿನ್ಯಾಸದಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಕೆಳಗಿನ ಕೋಣೆಗೆ ಇಳಿದು, ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಸಿಲಿಂಡರ್ ತಲೆಯಲ್ಲಿ ವಾಲ್ವುಗಳಿಲ್ಲ, ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಸ್ಫೋಟ. ಮಿಶ್ರಣ ಮೊದಲು ಕೆಳಕ್ಕೇ ಇಳಿಯುವುದರಿಂದ ಫಿಲ್ಟರ್ ದಾಟಿದ ಧೂಳು ಸಿಲಿಂಡರಿಗೆ ಮುಂಚೆ ಕ್ರ್ಯಾಂಕ್ ಬೇರಿಂಗಿಗೇ ಬಡಿಯುತ್ತದೆ. ನಮ್ಮ ಕಡೆ ಬೇಸಿಗೆಯ ಎರೆಮಣ್ಣಿನ ಧೂಳು ನೋಡಿದವರಿಗೆ ಅದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ. ಸ್ಪಂಜಿನ ಏರ್ ಫಿಲ್ಟರನ್ನು ಪ್ರತಿ ಓಟದ ನಂತರ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ, ಅಂಚಿಗೆ ಗ್ರೀಸ್ ಸವರಿ ಕೂರಿಸಬೇಕು. ಸಾವಿರಾರು ರೂಪಾಯಿಯ ಕ್ರ್ಯಾಂಕ್ ಕೆಲಸ ಉಳಿಸುವುದು ಈ ಅರ್ಧ ಗಂಟೆಯ ಕೆಲಸ.

ಬೋರಿಂಗಿನಲ್ಲಿ ಮಿಸ್ತ್ರಿಯ ಯೋಗ್ಯತೆ ತಿಳಿಯುತ್ತದೆ. ಆರ್‌ಎಕ್ಸ್, ಯೆಜ್ಡಿಗಳ ಸಿಲಿಂಡರ್ ಒಳಮೈ ಬೀಡುಕಬ್ಬಿಣದ್ದು. ಅದನ್ನು ಕೊರೆದು 0.25, 0.50 ಮಿ.ಮೀ. ದೊಡ್ಡದಾದ ಪಿಸ್ಟನ್ ಹಾಕಬಹುದು. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡಬೇಕಾದ ಜಾಗ ಒಂದು ಮಿ.ಮೀ.ನ ನೂರರಲ್ಲಿ ಕೆಲವೇ ಭಾಗ ಮಾತ್ರ. ಕೊರೆದ ಮೇಲೆ ಕಿಂಡಿಗಳ ಅಂಚು ಚಾಕುವಿನಂತೆ ಚೂಪಾಗಿರುತ್ತದೆ. ಅದನ್ನು ಸಣ್ಣ ಅರದಿಂದ ಮೊಂಡು ಮಾಡದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಬೇಕು, ರಿಂಗಿನ ಬಾಯಿ ಅದರ ಪಿನ್ನಿನ ಮೇಲೇ ಕೂರಬೇಕು, ಸರ್‌ಕ್ಲಿಪ್ ಹಳೆಯದನ್ನು ಮತ್ತೆ ಬಳಸಬಾರದು. ಆಧುನಿಕ ಮೋಟೋಕ್ರಾಸ್ ಗಾಡಿಗಳಿಗೆ ಕೊರೆಯುವ ದಾರಿ ಇಲ್ಲ. ಅವುಗಳ ಅಲ್ಯೂಮಿನಿಯಂ ಸಿಲಿಂಡರಿಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ತೆಳು ಲೇಪವಿದೆ. ಅದು ಹೋದರೆ ಮತ್ತೆ ಲೇಪ ಹಾಕಿಸಬೇಕು.

ಸೀಜ್ ಆದ ಪಿಸ್ಟನ್ ಕೂಡ ಮಾತಾಡುತ್ತದೆ. ನಾಲ್ಕು ಕಡೆ ಸಮವಾಗಿ ಗೀರು ಬಿದ್ದಿದ್ದರೆ ಇಂಜಿನ್ ಬಿಸಿಯಾಗುವ ಮೊದಲೇ ಜೋರಾಗಿ ಓಡಿಸಿದ್ದಾರೆ, ಅಥವಾ ಬೋರ್ ಬಿಗಿಯಾಗಿದೆ. ಸೈಲೆನ್ಸರ್ ಕಡೆ ಮಾತ್ರ ಗೀರಿದ್ದರೆ ಮಿಶ್ರಣ ತೆಳುವಾಗಿದೆ ಅಥವಾ ಆಯಿಲ್ ಸಾಲದು. ಇದನ್ನು ನೋಡದೆ ಹೊಸ ಪಿಸ್ಟನ್ ಹಾಕಿ ಕಳಿಸಿದರೆ ಕೆಲವೇ ದಿನಗಳಲ್ಲಿ ಗಾಡಿ ಅಲ್ಲೇ ವಾಪಸು.

ಆಯಿಲ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ: ಹೆಚ್ಚು ಹಾಕಿದಷ್ಟೂ ಇಂಜಿನ್ನಿಗೆ ಒಳ್ಳೆಯದು ಎಂದು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಜೆಟ್ ಬದಲಿಸದೆ ಆಯಿಲ್ ಹೆಚ್ಚಿಸಿದರೆ ಅದೇ ತೂತಿನಿಂದ ಹೋಗುವ ಪೆಟ್ರೋಲು ಅಷ್ಟು ಕಡಿಮೆಯಾಗುತ್ತದೆ, ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಕಾಯುತ್ತದೆ. 40:1 ಎಂದು ಬರೆದಿದ್ದರೆ ಒಂದು ಲೀಟರಿಗೆ 25 ಮಿ.ಲೀ. ಅಷ್ಟೇ, ಅದೂ ಅಳತೆ ಗ್ಲಾಸಿನಲ್ಲಿ. ಆಷಾಢದ ತಂಪು ಗಾಳಿ ಭಾರ, ಚೈತ್ರದ ಕಾದ ಗಾಳಿ ಹಗುರ. ರೇಸಿನವರು ಅದಕ್ಕೆ ತಕ್ಕಂತೆ ಮೇನ್ ಜೆಟ್ ಒಂದು ನಂಬರ್ ಹೆಚ್ಚು, ಕಡಿಮೆ ಮಾಡುತ್ತಾರೆ.

ಇನ್ನು ಮೋಟೋಕ್ರಾಸ್ ಗಾಡಿಯ ಹೊಟ್ಟೆ ಉಬ್ಬಿದ ಸೈಲೆನ್ಸರ್. ಅದು ಬರೀ ಹೊಗೆಕೊಳವೆ ಅಲ್ಲ. ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಆ ಉಬ್ಬಿನಿಂದ ಮರಳಿ ಬರುವ ಒತ್ತಡದ ಅಲೆ, ಹೊರಗೆ ಜಾರುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೇ ದೂಡುತ್ತದೆ. 1961ರಲ್ಲಿ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಸುಝುಕಿ ಸೇರಿದಾಗ ಆ ಜ್ಞಾನವೂ ಜೊತೆಗೆ ಹೋಯಿತು. ಮರುವರ್ಷವೇ ಸುಝುಕಿಗೆ 50 ಸಿ.ಸಿ. ವಿಶ್ವ ಪ್ರಶಸ್ತಿ ಬಂತು. ಆದ್ದರಿಂದ ಬಿದ್ದು ತಗ್ಗಾದ ಪೈಪಿನೊಡನೆ ಓಡಿಸುವುದೆಂದರೆ ಪಿಕಪ್ ಕಳೆದುಕೊಂಡಂತೆ. ಎರಡೂ ಬಾಯಿ ಮುಚ್ಚಿ, ಒಳಗೆ ಹದವಾಗಿ ಗಾಳಿ ತುಂಬಿ, ತಗ್ಗಿನ ಸುತ್ತ ಗ್ಯಾಸ್ ಬೆಂಕಿ ತೋರಿಸಿದರೆ ತಗಡು ಮೇಲೇಳುತ್ತದೆ. ಬಾಯಿಗೆ ಹಾಕಿದ ಬಿರಡೆ ಸಿಡಿಯಬಹುದು, ಹೀಗಾಗಿ ಅನುಭವವಿಲ್ಲದವರು ಇದಕ್ಕೆ ಕೈ ಹಾಕಬಾರದು.

1997ರಲ್ಲಿ ಡಗ್ ಹೆನ್ರಿ ಯಮಾಹಾದ ಫೋರ್-ಸ್ಟ್ರೋಕ್ ಗಾಡಿಯಲ್ಲಿ ಕ್ರೀಡಾಂಗಣದೊಳಗಿನ ಮೋಟೋಕ್ರಾಸ್ ಆದ ಲಾಸ್ ವೇಗಸ್ ಸೂಪರ್‌ಕ್ರಾಸ್ ಗೆದ್ದ ಮೇಲೆ ಓಟದ ಟ್ರ್ಯಾಕಿನಲ್ಲೂ ಗಾಳಿ ತಿರುಗಿತು. ಹೊಗೆಯ ನಿಯಮ ಬಿಗಿಯಾದಂತೆ ನಮ್ಮ ರಸ್ತೆಯ ಟೂ-ಸ್ಟ್ರೋಕ್ ಬೈಕುಗಳ ತಯಾರಿಕೆಯೂ ನಿಂತಿತು. ಆ ನಿಯಮ ಸರಿಯೇ. ಸುಡದ ಪೆಟ್ರೋಲು ಊರಿನ ಗಾಳಿಗೆ ಸೇರಬಾರದು. ಆದರೆ ಇರುವ ಇಂಜಿನ್ನುಗಳನ್ನು ಕಾಪಾಡುವ ವಿದ್ಯೆ ಅದರ ಜೊತೆ ಅಳಿಯಬೇಕಿಲ್ಲ. ಡಯಲ್ ಗೇಜ್ ಇಟ್ಟು ಕ್ರ್ಯಾಂಕನ್ನು ಹಿತ್ತಾಳೆಯ ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡುವವರಿಗೆ ವಯಸ್ಸಾಗುತ್ತಿದೆ, ಅವರು ಕಲಿತದ್ದು ಪುಸ್ತಕದಿಂದಲ್ಲ. ನಿಪ್ಪಾಣಿ, ಚಿಕ್ಕೋಡಿ ಸೀಮೆಯ ಐಟಿಐಗಳು ಇಂಥ ಒಬ್ಬ ಮಿಸ್ತ್ರಿಯನ್ನು ತಿಂಗಳಿಗೊಮ್ಮೆಯಾದರೂ ಕರೆದು ಮಕ್ಕಳೆದುರು ಇಂಜಿನ್ ಬಿಚ್ಚಿಸಲಿ. ಮನೆಯಲ್ಲಿ ಹಳೆಯ ಆರ್‌ಎಕ್ಸ್ ಅಥವಾ ಯೆಜ್ಡಿ ಇರುವವರು ಗ್ಯಾರೇಜಿಗೆ ಹೋದಾಗ ಚಹಾಕ್ಕೆ ಎದ್ದು ಹೋಗದೆ ಪಕ್ಕದಲ್ಲಿ ನಿಲ್ಲಿ. ಯಾವ ಪಿಸ್ಟನ್, ಯಾವ ಜೆಟ್, ಎಷ್ಟು ಆಯಿಲ್ ಎಂದು ಕೇಳಿ, ಒಂದು ವಹಿಯಲ್ಲಿ ಕನ್ನಡದಲ್ಲೇ ಬರೆದಿಡಿ.