ಹಾಳೆಯ ಗುಂಬಜ: ಅಳತೆ ಯಾರ ಕೈಯಾಗ ಐತಿ?

ಮೊಹರಂ ಚಂದ್ರ ಕಂಡಿತೆಂದರೆ ಸಾಕು, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಮಸೂತಿ ಕಟ್ಟೆಯ ಮೇಲೆ ಬಿದಿರು ಸೀಳುವ ಸಪ್ಪಳ ಶುರು. ಕೆಲವರು ಡೋಲಿ ಅಂತಾರೆ, ಕೆಲವರು ತಾಬೂತ. ಹೆಸರು ಏನೇ ಇರಲಿ, ಅದು ಇರಾಕಿನ ಕರ್ಬಲಾದಲ್ಲಿರುವ ಇಮಾಮ ಹುಸೇನರ ಗೋರಿಯ ಹಾಳೆಯ ರೂಪ. ಹುಸೇನರು ಅಲ್ಲಿ ಮಡಿದದ್ದು ಕ್ರಿ.ಶ. 680ರಲ್ಲಿ. ಅವರ ಗೋರಿ ಕೃಷ್ಣೆ-ಘಟಪ್ರಭೆಯ ದಂಡೆಯಲ್ಲಿ ವರುಷಕ್ಕೊಮ್ಮೆ ಎದ್ದು, ಹತ್ತು ದಿನ ನಿಂತು, ಹೊಳೆಗೆ ಹೋಗುತ್ತದೆ.

ಈ ಕೆಲಸಕ್ಕೆ ಜಾತಿ ಕೇಳುವವರಿಲ್ಲ. ಬಿದಿರು ಒಬ್ಬರದು, ಹಾಳೆ ಇನ್ನೊಬ್ಬರದು, ಚೊಂಗೆ ಎಲ್ಲರ ಮನೆಯದು. ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸಲ್ಮಾನರ ಮನೆ ಇಲ್ಲದಿದ್ದರೂ ಊರವರೇ ಹಬ್ಬ ನಡೆಸುವುದು ಪತ್ರಿಕೆಗಳಲ್ಲಿ ಬಂದ ಸಂಗತಿ.

ಕಟ್ಟುವ ಕೆಲಸ ನೋಡಿದಷ್ಟು ಸಲೀಸಲ್ಲ. ಬಿದಿರನ್ನು ಬೆರಳಗಲ ಸೀಳಿ, ಗಣ್ಣು ಕೆತ್ತಿ, ದಾರದಿಂದ ಬಿಗಿಯಬೇಕು. ಚೌಕ ಬುಡ, ಅದರ ಮೇಲೆ ಒಂದಕ್ಕಿಂತ ಒಂದು ಸಣ್ಣ ಅಂತಸ್ತು, ನಾಲ್ಕು ಮೂಲೆಗೆ ಮಿನಾರು, ನೆತ್ತಿಗೆ ಗುಂಬಜ. ಈ ಗುಂಬಜದಲ್ಲೇ ಹೊಸಬರ ಬಣ್ಣ ಬಯಲು! ಒಂದು ಕಡ್ಡಿ ದಪ್ಪ, ಒಂದು ತೆಳು ಆಯಿತೋ, ಬಗ್ಗಿಸುವಾಗ ಗುಂಬಜ ಸೊಟ್ಟಗಾಯಿತು ಅಂತಲೇ ತಿಳಿಯಿರಿ. ಚಪ್ಪಟೆ ಹಾಳೆ ದುಂಡು ಮೈಗೆ ಕೂಡುವುದೂ ಇಲ್ಲ, ನೆರಿಗೆ ಬೀಳುತ್ತದೆ. ಅದಕ್ಕೇ ಹಾಳೆಯನ್ನು ಕಲ್ಲಂಗಡಿ ಹೋಳಿನ ಸಿಪ್ಪೆಯಂತೆ ನಡುವೆ ಅಗಲ, ತುದಿಗೆ ಚೂಪು ಮಾಡಿ ಕತ್ತರಿಸಿ, ಪಟ್ಟಿ ಪಟ್ಟಿಯಾಗಿ ಹಚ್ಚಬೇಕು. ಹಿಟ್ಟಿನ ಅಂಟು ಗಟ್ಟಿಯಾದರೆ ಗಂಟು, ನೀರಾದರೆ ಹಾಳೆ ಹರಿಯುತ್ತದೆ. ಜಾಳಿಗೆ ಕಿಟಕಿಗೆ ಹಾಳೆ ಮೂರು ಮಡಿಕೆ ಹಾಕಿ ಕತ್ತರಿ ಆಡಿಸಿದರೆ ಒಂದೇ ಏಟಿಗೆ ಎಂಟು ಹೂ. ಕೈ ತಪ್ಪಿತೋ, ಎಂಟೂ ಹೋದವು.

ಮೇಲೆ ಮಳೆಯ ಕಾಟ. ಮೊಹರಂ ಚಾಂದ್ರಮಾನದ ಹಬ್ಬ, ವರುಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಕೊನೆಯ ದಿನ 2024ರಲ್ಲಿ ಜುಲೈ 17ಕ್ಕೆ ಬಂದರೆ, 2025ರಲ್ಲಿ ಜುಲೈ 6ಕ್ಕೆ ಬಂತು. ಎರಡೂ ಮಳೆಗಾಲವೇ. ಸಣ್ಣ ಜಿಟಿಜಿಟಿಗೂ ಬಣ್ಣದ ಹಾಳೆ ಬಣ್ಣ ಬಿಡುತ್ತದೆ.

ಇನ್ನು ರೂಪದ ಮಾತು. ಕಟ್ಟುವವರು ಕರ್ಬಲಾ ನೋಡಿದವರೇ ಆಗಿರಬೇಕೆಂದಿಲ್ಲ. ನೋಡಿದ್ದರೂ ಯಾವ ಕಾಲದ ಗೋರಿ? ಕ್ರಿ.ಶ. 850ರ ಸುಮಾರಿಗೆ ಖಲೀಫ ಮುತವಕ್ಕಿಲ ಅದನ್ನು ಕೆಡವಿಸಿದ್ದ, ಮತ್ತೆ ಕಟ್ಟಿದರು. 1991ರ ದಂಗೆಯಲ್ಲಿಯೂ ಪೆಟ್ಟು ಬಿತ್ತು, ಮತ್ತೆ ದುರಸ್ತಿ ಆಯಿತು. ನಮ್ಮವರ ಕಣ್ಣಿಗೆ ಹತ್ತಿರದ ಗುಂಬಜ ಅಂದರೆ ವಿಜಾಪುರದ್ದು. ಗೋಳಗುಂಬಜ ನೋಡಿ ಬೆಳೆದ ಕೈ ಬಿದಿರನ್ನು ಹಾಗೇ ಬಗ್ಗಿಸಿದರೆ ತಪ್ಪೇನು? ಇಂಥಾದ್ದೇ ಅಳತೆ ಎಂದು ಹಟ ಹಿಡಿಯುವವರು ಡೋಲಿ ಕಟ್ಟಿದವರಲ್ಲ ಬಿಡಿ.

ಚಿಂತೆ ಇರುವುದು ಬೇರೆ ಕಡೆ. ಜಕಾರ್ಡ ಮಗ್ಗದಲ್ಲಿ ಸೀರೆಯ ಸೆರಗಿನ ಚಿತ್ತಾರವೆಲ್ಲ ತೂತು ಹೊಡೆದ ರಟ್ಟಿನ ಪಟ್ಟಿಯಲ್ಲಿರುತ್ತದೆ. ನೇಕಾರ ಹೋದರೂ ಪಟ್ಟಿ ಉಳಿದರೆ ಚಿತ್ತಾರ ಉಳಿಯಿತು. ಡೋಲಿಗೆ ಅಂಥ ಪಟ್ಟಿ ಎಲ್ಲಿದೆ? ಬುಡಕ್ಕೆ ಎಷ್ಟು ಗೇಣು, ಗುಂಬಜಕ್ಕೆ ಎಷ್ಟು ಕಡ್ಡಿ ಎಂಬುದು ಹಿರಿಯರ ಕೈಯಲ್ಲಿದೆ, ಕಾಗದದ ಮೇಲೆ ಬಂದದ್ದು ಕಡಿಮೆ. ಆಲಮಟ್ಟಿ ಹಿನ್ನೀರಿಗೆ ಬೀಳಗಿ, ಜಮಖಂಡಿ ಭಾಗದ ಊರುಗಳು ಎದ್ದು ಹೊಸ ನೆಲೆಗೆ ಹೋದಾಗ ಕಲ್ಲಿನ ಗೋಡೆ ಹೊತ್ತೊಯ್ಯಲು ಬರಲಿಲ್ಲ. ಜೊತೆಗೆ ಬಂದದ್ದು ಈ ಕೈಯ ವಿದ್ಯೆ. ಅದಕ್ಕೂ ಈಗ ಥರ್ಮೋಕೋಲು, ಪೇಟೆಯ ಮಿಂಚು ಹಾಳೆ ಪೈಪೋಟಿ. ಹುಡುಗರಿಗೆ ಹತ್ತು ರಾತ್ರಿ ಕೂತು ಕತ್ತರಿ ಹಿಡಿಯಲು ಪುರುಸೊತ್ತು ಬೇಕಲ್ಲ?

ಯಾವುದಾದರೂ ಶಾಲೆಯ ಚಿತ್ರಕಲಾ ಮೇಷ್ಟ್ರು ನಾಲ್ಕು ಹುಡುಗರನ್ನು ಕಟ್ಟಿಕೊಂಡು, ಒಂದು ಟೇಪು, ಒಂದು ನೋಟುಬುಕ್ಕು ಹಿಡಿದು ಮಸೂತಿಗೆ ಹೋದರೆ ಎರಡು ಸಂಜೆಯ ಕೆಲಸ. ಅದೂ ಒಂಬತ್ತನೇ ದಿನದೊಳಗೆ ಆಗಬೇಕು. ಹತ್ತನೇ ದಿನ ಹಲಗೆ-ತಾಸೆ ಬಾರಿಸುತ್ತ ಡೋಲಿ ಹೊಳೆಗೆ ಹೊರಟ ಮೇಲೆ ಅಳೆಯಲು ಏನೂ ಸಿಗುವುದಿಲ್ಲ. ಹಾಳೆ ನೀರಿಗೆ ಹೋಗುತ್ತದೆ. ಕೆಲವು ಕಡೆ ಬಿದಿರಿನ ಹಂದರವನ್ನಷ್ಟೇ ವಾಪಸು ತಂದು, ಮುಂದಿನ ವರುಷಕ್ಕೆಂದು ಜಂತಿಗೆ ಕಟ್ಟಿ ಇಡುತ್ತಾರೆ.